ಕೊಸರಿನ ಸೊಪ್ಪು

ತರಕಾರಿ ಬೆಳೆದು ಮನೆಮನೆಗೆ ಕೊಡಬೇಕು ಅಂತ ಆಸೆ ಇಟ್ಟುಕೊಂಡು ಬರುವ ಹೊಸಬರನ್ನು ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ತಕ್ಕಡಿ ಕೆಳಗಿಟ್ಟ ಮೇಲೆ ನಿಮ್ಮ ಕೈ ಏನು ಮಾಡುತ್ತದೆ? ಬಹಳ ಜನ ಗಂಡಹೆಂಡಿರು ಮುಖ ಮುಖ ನೋಡಿಕೊಳ್ಳುತ್ತಾರೆ. ದುಡ್ಡು ಈಸಿಕೊಳ್ಳುತ್ತದೆ ಅಂತ ಒಬ್ಬರು, ಚೀಲ ಕಟ್ಟುತ್ತದೆ ಅಂತ ಇನ್ನೊಬ್ಬರು. ಇವರಿಗೆ ಕಲಿಯಲು ಇನ್ನೊಂದು ವರ್ಷ ಹಿಡಿಯುತ್ತದೆ ಅಂದುಕೊಂಡು ಕಾಫಿ ಕೊಟ್ಟು ಕೂರಿಸಿ, ಈ ಕತೆ ಹೇಳುತ್ತೇನೆ.

ಉತ್ತರ ನನಗೆ ಲಂಗ ಹಾಕುವ ವಯಸ್ಸಿನಿಂದಲೇ ಗೊತ್ತಿತ್ತು. ನಮ್ಮವ್ವ ಕುದೇರಿನ ಪಕ್ಕದ ಊರಿನಿಂದ ಸೊಪ್ಪು, ಮೆಣಸಿನಕಾಯಿ, ಬದನೆ ಹೊತ್ತುಕೊಂಡು ಚಾಮರಾಜನಗರದ ಸಂತೆಗೆ ಹೋಗುತ್ತಿದ್ದಳು. ಗೋಣಿಚೀಲದ ಮೇಲೆ ಅವಳ ಪಕ್ಕ ನಾನು. ಅವಳು ಒಂದು ಬೆಲೆ ಹೇಳುವಳು, ಬಂದವರು ಅದರ ಅರ್ಧಕ್ಕೆ ಕೇಳುವರು. ಇವಳು "ನಿಮ್ಮನೇಲಿ ಬೆಳ್ಕಳಿ ಓಗಿ" ಅನ್ನುವಳು, ಅವರು ಎರಡು ಹೆಜ್ಜೆ ಹೋಗಿ ತಿರುಗಿ ಬರುವರು. ಕೊನೆಗೆ ಇಬ್ಬರಿಗೂ ಮೊದಲೇ ಗೊತ್ತಿದ್ದ ಒಂದು ಬೆಲೆಗೆ ಬಂದು ನಿಲ್ಲುವರು. ತೂಕ ಆಗಿ ತಕ್ಕಡಿ ಕೆಳಗಿಟ್ಟ ಮೇಲೆ ಅವ್ವನ ಕೈ ಒಂದು ಹಿಡಿ ಕೊತ್ತಂಬರಿಯನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಎತ್ತಿ ಅವರ ಚೀಲಕ್ಕೆ ಹಾಕುತ್ತಿತ್ತು. ಆಗ ಅವಳ ಕಣ್ಣು ಇನ್ನೊಬ್ಬ ಗಿರಾಕಿಯ ಮೇಲೋ ರಸ್ತೆಯ ಮೇಲೋ ಇರುತ್ತಿತ್ತು. ಅದೇ ಕೊಸರು. ಯಾಕವ್ವ ನೋಡದೆ ಹಾಕ್ತೀಯ ಅಂತ ಒಂದು ಸಲ ಕೇಳಿದ್ದೆ.

"ಕೊಸರ ನೋಡ್ಕಂಡು ಹಾಕಬಾರ್ದು ಕಣಮ್ಮಿ. ನೋಡುದ್ರೆ ಅದೂ ತೂಕವೇ ಆಯ್ತದ" ಅಂದಳು.

ಇಂಥವಳ ಮಗಳನ್ನು ಹರವೆಯ ಕಡೆಗೆ ಮದುವೆ ಮಾಡಿಕೊಟ್ಟರು. ಸಿಕ್ಕಿದ ಗಂಡ ತೂಕದಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಮಾಡದ ಮನುಷ್ಯ. ನಮ್ಮ ಯಜಮಾನರು ಗುಂಡ್ಲುಪೇಟೆಯಲ್ಲಿ ಗೊಬ್ಬರ, ಔಷಧಿ ಮಾರುವ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದರು. ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಔಷಧಿ ಅಂತಲೇ ಹೆಸರು. ಒಂದು ಕ್ಯಾನು ನೀರಿಗೆ ಎಷ್ಟು ಮುಚ್ಚಳ ಅಂತ ರೈತರಿಗೆ ಹೇಳಿ ಹೇಳಿ, ಮನೆಯಲ್ಲೂ ಅವರ ಮಾತು ಹಾಗೇ ಅಳೆದಂತೆ ಬರುತ್ತಿತ್ತು. ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಿರಲಿಲ್ಲ, ಅರ್ಧ ಚಮಚ ಕಮ್ಮಿ ಅನ್ನುತ್ತಿದ್ದರು.

ಅಂಗಡಿಯ ಕೆಲಸದಿಂದ ಅವರಿಗೆ ಒಂದು ಕಷ್ಟ ಬಂತು. ಯಾವ ಊರಿನ ಯಾರ ಹೊಲಕ್ಕೆ ಯಾವ ದಿನ ಏನು ಹೊಡೆದರು, ಎಷ್ಟು ಬೇಗ ಕಿತ್ತು ಮಾರ್ಕೆಟ್ಟಿಗೆ ಹಾಕಿದರು ಎಲ್ಲ ಇವರಿಗೆ ಗೊತ್ತು. ನಾನು ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದರೆ ತಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದರು. ಆಮೇಲೆ ಹೂಕೋಸು ಬಿಟ್ಟರು, ಆಮೇಲೆ ಟೊಮೆಟೊ. ಹೀಗೇ ಆದರೆ ಈ ಮನುಷ್ಯ ಬರೀ ಮಜ್ಜಿಗೆಯಲ್ಲಿ ಬದುಕಬೇಕಾಗುತ್ತದೆ ಅಂದುಕೊಳ್ಳುತ್ತಿದ್ದಾಗ ಒಂದು ಸಂಜೆ ಬಂದು, "ಇನ್ನು ಆ ಅಂಗಡಿಗೆ ಓಗಕಿಲ್ಲ ಕಣಮ್ಮಿ. ಔಷಧಿ ಹಾಕ್ದೆ ನಾವೇ ತರಕಾರಿ ಬೆಳೆಯನ" ಅಂದರು.

ನಾನು ಅಳಲಿಲ್ಲ, ಕುಣಿಯಲೂ ಇಲ್ಲ. ಬೆಳೆದು ಯಾರಿಗೆ ಮಾರನ ಅಂತ ಕೇಳಿದೆ. ಅದನ್ನು ಅವರು ಯೋಚಿಸಿರಲಿಲ್ಲ. ನೀವೂ ಹೀಗೆ ಹೊರಡುವವರಾದರೆ ಬೀಜ ಕೊಳ್ಳುವ ಮುಂಚೆ ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ಬೀಜಕ್ಕೆ ಮೊಳಕೆ ಬರುವುದು ಅದರ ಸ್ವಭಾವ, ಗಿರಾಕಿ ತಾನಾಗಿ ಮೊಳೆಯುವುದಿಲ್ಲ.

ಭೂಮಿ ಹಿರಿಯರದು, ಇನ್ನೂ ಭಾಗವಾಗಿರಲಿಲ್ಲ. ನೋಡಿಕೊಳ್ಳುತ್ತಿದ್ದವರು ಯಜಮಾನರ ಅಣ್ಣ, ನನ್ನ ಭಾವ. ಊರಂಚಿನಲ್ಲಿ ಬಾವಿಯ ಪಕ್ಕದ ತೋಟವೊಂದು ಚೆನ್ನಾಗಿತ್ತು. ಅದರ ಮೇಲೆ ಕೇರಳದ ಬತ್ತೇರಿ ಕಡೆಯ ಶುಂಠಿಯವರೊಬ್ಬರು ಕಣ್ಣಿಟ್ಟಿದ್ದರು. ಆ ವರ್ಷಗಳಲ್ಲಿ ಗುಂಡ್ಲುಪೇಟೆ ಸುತ್ತಮುತ್ತ ಎಲ್ಲಿ ನೋಡಿದರೂ ಶುಂಠಿಯದೇ ಮಾತು. ಗಡಿಯಾಚೆಯಿಂದ ಬಂದವರು ಗುತ್ತಿಗೆಗೆ ಭೂಮಿ ಹಿಡಿದು, ಮುಂಗಡ ಕೊಟ್ಟು, ಒಂದು ಬೆಳೆ ತೆಗೆದು ಮುಂದಿನ ಹೊಲಕ್ಕೆ ಹೋಗುತ್ತಿದ್ದರು. ಕೆಟ್ಟ ಜನರೇನಲ್ಲ. ನಮ್ಮನೆಗೆ ಬಂದವರು ಹಾಲಿಲ್ಲದ ಟೀ ಕೇಳಿ ಕುಡಿದು, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಭಾವನ ಯೋಗಕ್ಷೇಮ ವಿಚಾರಿಸಿಕೊಂಡು ಹೋದರು. ಆದರೆ ಶುಂಠಿಗೆ ಬೀಳುವಷ್ಟು ಔಷಧಿ ಯಾವ ಬೆಳೆಗೂ ಬೀಳುವುದಿಲ್ಲ ಅಂತ ಹೇಳಲು, ಅದನ್ನು ಮಾರಿದ ಯಜಮಾನರೇ ನನ್ನ ಪಕ್ಕದಲ್ಲಿ ನಿಂತಿದ್ದರು.

ಭಾವ ನ್ಯಾಯವಾದ ಮನುಷ್ಯ. ತಮ್ಮನನ್ನು ಬೈಯಲಿಲ್ಲ, ಒಂದು ಷರತ್ತು ಹಾಕಿದರು.

"ಸಂಕ್ರಾಂತಿ ಕಳೀತಲೂ ಶುಂಠಿಯೋರು ಮಾತಿಗೆ ಬತ್ತರೆ. ಅಷ್ಟೊತ್ಗೆ ನಿಮ್ಮ ತರಕಾರಿಗೆ ಕಾಯ್ಕಂಡು ಕೂತಿರೋ ಮನೆ ಅವೆ ಅಂತ ನನ್ಗ ತೋರ್ಸು ಕಣ್ಲಾ. ತೋರ್ಸುದ್ರೆ ತೋಟ ನಿಂದು. ಇಲ್ದಿದ್ರೆ ಬಾಯಿ ಮುಚ್ಕಂಡು ಅಂಗಡಿಗೆ ಓಗು."

ಮುಂಗಾರು ಬಿದ್ದ ಮೇಲೆ ಶುರು ಮಾಡಿದೆವು. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಎಲ್ಲ ಡ್ರಮ್ಮಿನಲ್ಲಿ ಕಲಸಿ ಕೊಳೆಸಿ ಪಾತಿಗೆ ಹಾಕುವುದನ್ನು ನೋಡಲು ಊರಿನವರು ಬದುವಿನ ಮೇಲೆ ನಿಲ್ಲುತ್ತಿದ್ದರು. "ಬೆಲ್ಲ ಆಯ್ತು, ಕಡ್ಲೆಹಿಟ್ಟಾಯ್ತು, ಎಣ್ಣೆ ಯಾವಾಗ ಹುಯ್ತಿಯ್ಲಾ? ಬೋಂಡ ಎತ್ಕಂಡು ಓಯ್ತೀವಿ" ಅಂತ ಒಬ್ಬ ಕೇಳಿದ. ಯಜಮಾನರು ತಲೆ ಎತ್ತದೆ ಡ್ರಮ್ಮು ಕಲಕುತ್ತಿದ್ದರು. ನಾನು ಮಾತ್ರ, ಎಣ್ಣೆ ನೀನು ತಾ, ಬಾಣಲೆ ನಾನು ಇಡುತ್ತೇನೆ ಅಂದೆ. ನಗುವವರ ಜೊತೆ ನಕ್ಕುಬಿಟ್ಟರೆ ಅವರು ಬೇಗ ಮನೆಗೆ ಹೋಗುತ್ತಾರೆ.

ಬೆಂಡೆ, ಬದನೆ, ಮೂಲಂಗಿ, ಹೀರೆ, ಹುರುಳಿಕಾಯಿ ಬಂತು. ಕೆಲವಕ್ಕೆ ಹುಳ ಮುಟ್ಟಿತ್ತು. ತೆರಕಣಾಂಬಿಯ ಮಾರ್ಕೆಟ್ಟಿಗೆ ಒಂದು ಮೂಟೆ ತೆಗೆದುಕೊಂಡು ಹೋದರೆ, ಕೇರಳದ ಲಾರಿಗೆ ಮಾಲು ಹಿಡಿಯುತ್ತಿದ್ದವನು ನಮ್ಮ ಬದನೆಯನ್ನು ಬೆರಳಲ್ಲಿ ಉರುಳಿಸಿ ನೋಡಿ, ಪಕ್ಕಕ್ಕಿಟ್ಟು, ಅಣ್ಣ, ಇದನ್ನ ಮನೇಲೇ ಉಣ್ಣಿ ಅಂದ. ಅಲ್ಲಿಗೆ ಮಂಡಿಯ ಬಾಗಿಲು ಮುಚ್ಚಿತು. ಚಾಮರಾಜನಗರದ ಮನೆಗಳಿಗೇ ಕೊಡೋಣ ಅಂತ ತೀರ್ಮಾನವಾಯಿತು. ಯಜಮಾನರ ಹಳೆಯ ಮೊಪೆಡ್ಡಿಗೆ ಎರಡು ಪ್ಲಾಸ್ಟಿಕ್ ಕ್ರೇಟು ಕಟ್ಟಿಸಿದೆವು.

ಹೇಗೆ ಕೊಡುವುದು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಹೊಂದಲಿಲ್ಲ. ಬುಟ್ಟಿ ತೆರೆದಿಟ್ಟು ಕೂಗಿ ಮಾರೋಣ ಅಂತ ನಾನು. ಚೌಕಾಸಿ ಬೇಡವೇ ಬೇಡ, ಅದೆಲ್ಲ ಮೋಸ, ಒಂದೇ ದರ, ಒಂದೇ ತೂಕ, ಎಲ್ಲರಿಗೂ ಸಮ ಅಂತ ಅವರು. ಅಂಗಡಿಯಲ್ಲಿ ಕಲಿತದ್ದು ಬೆರಳಿಗೆ ಇಳಿದುಬಿಟ್ಟಿತ್ತು. ಬೆಳಿಗ್ಗೆ ಎದ್ದು ಪ್ರತಿ ಮನೆಗೂ ಒಂದೊಂದು ಕವರು. ಎಲ್ಲ ಬಗೆಯನ್ನೂ ಅಳೆದು ತುಂಬಿ, ಒಂದು ಬೆಂಡೆಕಾಯಿ ಹೆಚ್ಚಾದರೆ ತೆಗೆದು ಸಣ್ಣದು ಹಾಕಿ, ಬಾಯಿಗೆ ಸ್ಟೇಪ್ಲರ್ ಪಿನ್ನು ಹೊಡೆಯುತ್ತಿದ್ದರು. ಸಾಲಾಗಿ ಜೋಡಿಸಿದರೆ ನೋಡಲು ಅಂದವಾಗಿಯೇ ಇತ್ತು. ತೋಟ ನನಗೆ, ಟೌನು ಅವರಿಗೆ ಅಂತ ಹಂಚಿಕೊಂಡೆವು.

ಗೌರಿಹಬ್ಬದ ಹೊತ್ತಿಗೆ ಮನೆಗಳು ಚೆನ್ನಾಗಿಯೇ ಸಿಕ್ಕವು. ಔಷಧಿ ಹಾಕದ ತರಕಾರಿ ಅಂದರೆ ಯಾರಿಗೆ ಬೇಡ? ಬೇಕಾದವರು ಮಿಸ್ಡ್ ಕಾಲ್ ಕೊಡುವುದು ಅಂತ ಮಾತಾಗಿತ್ತು. ಆಗ ಮನೆಯಲ್ಲಿದ್ದ ಮೊಬೈಲು ಸೆಟ್ಟು ಒಂದೇ. ಅದನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ಕಳೆ ಕೀಳುತ್ತಿದ್ದೆ. ಒಂದೆರಡು ಸಲ ಗುಯ್ ಅಂದು ನಿಂತರೆ ಒಂದು ಮನೆ. ದೀಪಾವಳಿ ಬರುವಷ್ಟರಲ್ಲಿ ಸೆರಗು ಸುಮ್ಮನಾಗತೊಡಗಿತು. ಕ್ರೇಟಿನಲ್ಲಿ ಪಿನ್ನು ಬಿಚ್ಚದ ಕವರುಗಳು ಹಾಗೇ ವಾಪಸು ಬರುತ್ತಿದ್ದವು. ಕೇಳಿದರೆ, ಒಂದು ಮನೆಯವರು ಊರಿಗೆ ಹೋಗುತ್ತಾರಂತೆ, ಇನ್ನೊಂದು ಮನೆಗೆ ನೆಂಟರು ತರಕಾರಿ ತಂದಿದ್ದಾರಂತೆ, ಮತ್ತೊಬ್ಬರ ಫ್ರಿಜ್ಜು ತುಂಬಿದೆಯಂತೆ. ಯಜಮಾನರು ಇದನ್ನೆಲ್ಲ ನಂಬಿಕೊಂಡು ಬಂದಿದ್ದರು. ನಾನು ಸಂತೆಯಲ್ಲಿ ಬೆಳೆದವಳು. ಗಿರಾಕಿ ಬೆಲೆ ಜಾಸ್ತಿ ಅಂದರೆ ಅವಳು ಇನ್ನೂ ನಿಮ್ಮವಳು. ಊರಿಗೆ ಹೋಗುತ್ತೇನೆ ಅಂದರೆ ಕೈತಪ್ಪಿದಳು ಅಂತಲೇ ತಿಳಿಯಬೇಕು.

ಭಾವ ಸಂಜೆ ಜಗಲಿಯ ಮೇಲೆ ಕೂತು ವಾಪಸು ಬಂದ ಕ್ರೇಟನ್ನು ನೋಡುತ್ತಿದ್ದರು, ಅಷ್ಟೆ. ಆ ನೋಟ ನನಗೆ ಸಾಕಿತ್ತು. ಮಾರನೆಯ ಸಲ ನಾನೂ ಮೊಪೆಡ್ಡಿನ ಹಿಂದೆ ಕೂತೆ.

ಮೊದಲ ಬೀದಿಯಲ್ಲೇ ನೋಡಿದೆ. ಇವರು ಗೇಟಿನ ಮುಂದೆ ಹಾರನ್ನು ಹೊಡೆಯುತ್ತಾರೆ. ಹೆಂಗಸು ಬರುತ್ತಾಳೆ. ಬೆಂಡೆ ಇಷ್ಟು, ಬದನೆ ಇಷ್ಟು, ಮೂಲಂಗಿ ಇಷ್ಟು, ಒಟ್ಟು ಇಷ್ಟು ಅಂತ ಒಂದೇ ಉಸಿರಿನಲ್ಲಿ ಹೇಳಿ ಕವರು ಕೊಡುತ್ತಾರೆ. ಅವಳು ಪಿನ್ನು ಚುಚ್ಚದಂತೆ ಎರಡು ಬೆರಳಿನಲ್ಲಿ ಹಿಡಿದುಕೊಂಡು ಒಳಗೆ ಹೋಗುತ್ತಾಳೆ. ಮುಟ್ಟಿ ನೋಡಿದ್ದಿಲ್ಲ, ಎಳೆಯದೋ ಬಲಿತದ್ದೋ ಅಂತ ತುದಿ ಮುರಿದು ನೋಡಿದ್ದಿಲ್ಲ. ಒಳಗೆ ಹೋಗಿ ಬಿಚ್ಚಿದಾಗ ಹುಳ ಮುಟ್ಟಿದ ಬದನೆ ಒಂದು ಸಿಕ್ಕಿದರೆ, ಔಷಧಿ ಹಾಕಿಲ್ಲ ಅಂತ ಸಮಾಧಾನ ಆಗುವುದಿಲ್ಲ, ತಲೆಗೆ ಕಟ್ಟಿದರು ಅನ್ನಿಸುತ್ತದೆ. ತಾನೇ ಆರಿಸಿಕೊಂಡದ್ದಾದರೆ ಅದೇ ಹುಳಕ್ಕೆ ಕ್ಷಮೆ ಇರುತ್ತಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಅಡುಗೆ ಮನೆಯ ಯಜಮಾನಿಕೆ ಅಜ್ಜಿಯದು. ಇವರು ಕವರು ನೀಡಿದರೆ ಅಜ್ಜಿ ಕೈ ಚಾಚಲಿಲ್ಲ, ನನ್ನ ಕಡೆ ತಿರುಗಿದರು.

"ನಿನ್ನ ಯಜಮಾನ್ರು ಒಳ್ಳೇರು ಕಣಮ್ಮ, ನಾನು ಇಲ್ಲ ಅನ್ನಲ್ಲ. ಆದ್ರೆ ಮೆಡಿಕಲ್ ಶಾಪಿನೋರು ಮಾತ್ರೆ ಕೊಟ್ಟಂಗೆ ಕೊಡ್ತಾರೆ. ಮುಟ್ಟಂಗಿಲ್ಲ, ಕೇಳಂಗಿಲ್ಲ. ಒಂದು ಎಸಳು ಕರಿಬೇವು ಮೇಲಾಕದವರ ಹತ್ರ ನಾನು ಯಾವತ್ತೂ ತರಕಾರಿ ತಕೊಂಡೋಳಲ್ಲ. ನಂಗೇನು ಕಾಯಿಲೆನಾ?"

ಯಜಮಾನರ ಕಿವಿ ಕೆಂಪಾಯಿತು. ಬಿಟ್ಟು ಬಂದೆವು ಅಂದುಕೊಂಡಿದ್ದ ಅಂಗಡಿ ಕ್ರೇಟಿನೊಳಗೇ ಕೂತು ಬಂದಿತ್ತು.

ವಾಪಸು ಬರುವಾಗ ದಾರಿಯಲ್ಲಿ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದರು. ಅಲ್ಲಿ ನಮ್ಮಿಬ್ಬರ ಜೀವನದ ದೊಡ್ಡ ಚೌಕಾಸಿ ನಡೆಯಿತು. ಏರಿಸಿ ಹೇಳಿ ಇಳಿಸಿ ಕೊಡುವುದು ಸುಳ್ಳು, ನನ್ನ ಬಾಯಲ್ಲಿ ಬರುವುದಿಲ್ಲ ಅಂದರು. ಸರಿ, ದರ ನಿಮ್ಮದೇ ಇರಲಿ, ಪಿನ್ನು ಮಾತ್ರ ಹೋಗಲಿ, ಬುಟ್ಟಿ ತೆರೆದಿರಲಿ ಅಂದೆ. ಒಬ್ಬರು ಒಳ್ಳೆಯದನ್ನೆಲ್ಲ ಆರಿಸಿಕೊಂಡರೆ ಕೊನೆಯ ಮನೆಯವರಿಗೆ ಅನ್ಯಾಯ ಅಲ್ಲವಾ ಅಂದರು. ದಿನಾ ಬೇರೆ ಬೀದಿಯಿಂದ ಶುರು ಮಾಡಿ ಅಂದೆ. ಅದಕ್ಕೆ ಒಪ್ಪಿದರು. ಕೊಸರಿಗೆ ಮಾತ್ರ ಒಪ್ಪಲಿಲ್ಲ. ತೂಕ ಸರಿ ಇದ್ದರೆ ಮೇಲೆ ಯಾಕೆ ಹಾಕಬೇಕು, ಮೇಲೆ ಹಾಕಿದರೆ ತೂಕ ಸರಿ ಇರಲಿಲ್ಲ ಅಂತ ಒಪ್ಪಿಕೊಂಡ ಹಾಗಲ್ಲವಾ ಅನ್ನುವುದು ಅವರ ವಾದ.

"ತೂಕ ನಿಮ್ದು, ದರ ನಿಮ್ದು. ಕೊಸರು ನಂದು. ಅದ್ರ ಸುದ್ದಿಗೆ ನೀವು ಬರಂಗಿಲ್ಲ" ಅಂದೆ.

ಕ್ರೇಟಿನ ಹಗ್ಗ ಬಿಗಿ ಮಾಡುತ್ತಾ, "ಏನ ಕೊಟ್ಟಿಯೆ?" ಅಂತ ಕೇಳಿದರು. ತರಕಾರಿಯಲ್ಲಿ ಕೊಟ್ಟರೆ ಇವರ ಮನಸ್ಸು ನೋಯುತ್ತದೆ. ಕೊತ್ತಂಬರಿ ಇನ್ನೂ ಎಲೆ ಬಿಟ್ಟಿರಲಿಲ್ಲ, ಕರಿಬೇವಿನ ಗಿಡ ಮೊಣಕಾಲುದ್ದ ಇತ್ತು. ನನಗೂ ಉತ್ತರ ಗೊತ್ತಿರಲಿಲ್ಲ.

ಗೊತ್ತಾದದ್ದು ಮಾರನೆಯ ದಿನ. ಬದನೆ ಪಾತಿಯಲ್ಲಿ ಕಳೆ ತೆಗೆಯುತ್ತಿದ್ದ ಯಜಮಾನರು ಕಿತ್ತದ್ದನ್ನೆಲ್ಲ ದನಕ್ಕೆ ಅಂತ ಬದುವಿನ ಮೇಲೆ ರಾಶಿ ಹಾಕಿದ್ದರು. ಹೊರೆ ಕಟ್ಟಲು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಗಣಿಕೆ, ಹೊನಗನ್ನೆ. ನಮ್ಮವ್ವ ಮಡಿಲು ಕಟ್ಟಿಕೊಂಡು ಹೊಲದ ಅಂಚಿನಲ್ಲಿ ಕಿತ್ತು ತರುತ್ತಿದ್ದ ಸೊಪ್ಪು. ಇವೆಲ್ಲ ಸೇರಿಸಿ ಬೇಯಿಸಿ ಮಸೆದರೆ ಬೆರಕೆ ಸೊಪ್ಪಿನ ಸಾರು. ಅದರ ಮುಂದೆ ಮುದ್ದೆ ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ. ಈ ಸೊಪ್ಪು ಊರಲ್ಲೇ ಅಪರೂಪವಾಗಿತ್ತು. ಎಲ್ಲ ಹೊಲಕ್ಕೂ ಕಳೆಗೆ ಔಷಧಿ ಹೊಡೆಯುವಾಗ ಎಲ್ಲಿಂದ ಬರಬೇಕು? ನಮ್ಮ ತೋಟದಲ್ಲಿ ಬಿತ್ತದೆ ಬಂದಿತ್ತು, ನಾವು ಅದನ್ನು ಕಿತ್ತು ದನಕ್ಕೆ ಹಾಕುತ್ತಿದ್ದೆವು.

ಮುಂದಿನ ಸಲ ಮತ್ತೆ ಅವರ ಗಾಡಿಯ ಹಿಂದೆ ಕೂತು ನಾನೇ ಹೋದೆ. ಬುಟ್ಟಿ ತೆರೆದಿಟ್ಟೆ. ಅಜ್ಜಿ ಒಂದೊಂದು ಬದನೆಯನ್ನೂ ತಿರುಗಿಸಿ ನೋಡಿ, ತೂತಿದ್ದದ್ದನ್ನು ನನಗೆ ತೋರಿಸಿ ಬೈದು, ಆಮೇಲೆ ಅದನ್ನೇ ಹಾಕಿಕೊಂಡರು. ತೂಗಿ, ತಕ್ಕಡಿ ಕೆಳಗಿಟ್ಟು, ಎದುರುಮನೆಯ ಕಾಂಪೌಂಡು ನೋಡುತ್ತಾ ಒಂದು ಹಿಡಿ ಬೆರಕೆ ಸೊಪ್ಪು ಎತ್ತಿ ಅವರ ಮೊರಕ್ಕೆ ಹಾಕಿದೆ. ಅಜ್ಜಿ ಒಂದು ಎಸಳು ಹಿಸುಕಿ ಮೂಸಿ ನೋಡಿದರು. ಪಕ್ಕದ ಮನೆಯ ಕಿಟಕಿಗೆ ಹೋಗಿ, "ಅಣ್ಣೆ ಸೊಪ್ಪು ಬಂದದೆ, ಬಾರೇ" ಅಂತ ಕರೆದರು.

ಸೆರಗಿನ ಗಂಟು ಮತ್ತೆ ಗುಯ್ ಅನ್ನತೊಡಗಿತು. ಈಗ ಮಿಸ್ಡ್ ಕಾಲಿನ ಜೊತೆ ನಿಜವಾದ ಕಾಲ್‌ಗಳೂ ಬರುತ್ತಿದ್ದವು. ಸೊಪ್ಪು ಇದೆಯಾ ಅಂತ ಕೇಳುವುದಕ್ಕೇ ದುಡ್ಡು ಖರ್ಚು ಮಾಡುತ್ತಿದ್ದರು. ಬರೀ ಸೊಪ್ಪನ್ನೇ ಕೊಡು, ಎಷ್ಟಾದರೂ ಆಗಲಿ ಅಂದವರೂ ಇದ್ದರು. ಇಲ್ಲಿ ಒಂದು ಬುದ್ಧಿಮಾತು, ಕಿವಿಗೆ ಹಾಕಿಕೊಳ್ಳಿ. ಕೊಸರಿಗೆ ಯಾವತ್ತೂ ಬೆಲೆ ಕಟ್ಟಬೇಡಿ. ಕಟ್ಟಿದ ದಿನ ಅದು ಇನ್ನೊಂದು ತರಕಾರಿ ಆಗಿಬಿಡುತ್ತದೆ, ಪಕ್ಕದ ಗಾಡಿಯವನು ಅದಕ್ಕಿಂತ ಕಮ್ಮಿಗೆ ಕೊಡುತ್ತಾನೆ. ಮಾರೋ ಸೊಪ್ಪಲ್ಲ ಅಮ್ಮ, ತರಕಾರಿ ತಗೊಂಡೋರಿಗೆ ಸುಮ್ಮನೆ ಕೊಡೋದು ಅಂತ ಹೇಳುತ್ತಿದ್ದೆ. ತರಕಾರಿಯೂ ಹೋಯಿತು, ಸೊಪ್ಪೂ ಹೋಯಿತು.

ಒಂದು ತೊಡಕು ಉಳಿದಿತ್ತು. ದಿನಾ ನಾನೇ ಟೌನಿಗೆ ಹೋದರೆ ತೋಟ ಬಿದ್ದುಹೋಗುತ್ತದೆ. ಯಜಮಾನರು ಕಲಿಯಲೇಬೇಕು. ಮೊದಲ ದಿನ ಕಳಿಸಿದರೆ ಕೊಸರಿನ ಸೊಪ್ಪನ್ನೂ ಬಾಳೆನಾರಿನಲ್ಲಿ ಸಮಸಮ ಕಟ್ಟು ಕಟ್ಟಿಕೊಂಡು ಹೋಗಿದ್ದರು. ಒಂದಕ್ಕೊಂದು ಅಳತೆ ತಪ್ಪಿಲ್ಲ. ಅಜ್ಜಿ ಕಟ್ಟನ್ನು ಈಸಿಕೊಂಡು, ಇದು ನಿಮ್ಮ ಸೊಪ್ಪಾಯಿತು, ನನ್ನ ಕೊಸರು ಎಲ್ಲಿ ಅಂತ ಕೇಳಿದರಂತೆ. ಆಮೇಲೆ ಸಂಜೆ ಹೊತ್ತು ನನ್ನ ವಾರಗಿತ್ತಿಯನ್ನು, ಅಂದರೆ ಭಾವನ ಹೆಂಡತಿಯನ್ನು, ಗಿರಾಕಿಯಾಗಿ ಕೂರಿಸಿ ಇವರಿಗೆ ಅಭ್ಯಾಸ ಮಾಡಿಸಿದೆ. ಕೈಗೆ ಸೊಪ್ಪು ಬಂದ ಕೂಡಲೇ ಇವರ ಕಣ್ಣೂ ಕೈಗೆ ಬರುತ್ತಿತ್ತು, ಎರಡು ಎಲೆ ಕೆಳಗೆ ಬೀಳಿಸುತ್ತಿದ್ದರು. ಬೇರೆ ಕಡೆ ನೋಡಿ ಅಂದರೆ ಮಳೆ ಬರುತ್ತದಾ ಅಂತ ನೋಡುವವರಂತೆ ಆಕಾಶ ನೋಡುವರು. ವಾರಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮದುವೆ ದಿನ ಅರುಂಧತಿ ನಕ್ಷತ್ರ ನೋಡಿದಾಗಲೂ ನನ್ನ ಮೈದುನ ಹೀಗೇ ನೋಡಿದ್ದ, ಕಾಣಿಸಿದ್ದು ಮಾತ್ರ ಸುಳ್ಳು ಅಂದಳು.

ಸಂಕ್ರಾಂತಿ ಬಂತು. ಹಬ್ಬದ ಬೆಳಿಗ್ಗೆ ಅವರೆಕಾಯಿ, ಗೆಣಸು, ಕುಂಬಳ ಬೇಕು ಅಂತ ಬಹಳ ಮನೆಗಳು ಹೇಳಿದ್ದವು. ಕ್ರೇಟು ಕಟ್ಟಿ ನಾನು ಮೊಪೆಡ್ಡಿನ ಹಿಂದೆ ಕೂತು ಸೀರೆ ಸರಿ ಮಾಡಿಕೊಳ್ಳುತ್ತಿದ್ದಾಗ ಭಾವ ಟವಲ್ಲು ಕೊಡವಿಕೊಂಡು ಬಂದರು.

"ಇವತ್ತು ನಾನು ಬತ್ತೀನಿ ಕಣ್ಲಾ. ನಾಳಿದ್ದು ಶುಂಠಿಯೋರು ಬತ್ತರೆ. ನಾನೇ ಕಣ್ಣಲ್ಲಿ ನೋಡ್ಬುಟ್ಟು ಮಾತಾಡ್ತೀನಿ."

ಮೊಪೆಡ್ಡಿನಲ್ಲಿ ಹಿಂದೆ ಒಬ್ಬರಿಗೇ ಜಾಗ. ನಾನು ಇಳಿದೆ, ಭಾವ ಕೂತರು. ತಿರುವಿನಲ್ಲಿ ಗಾಡಿ ಮರೆಯಾಗುವವರೆಗೆ ನೋಡುತ್ತಾ ನಿಂತೆ. ಇಷ್ಟು ದಿನದ ಬೆವರೆಲ್ಲ ಈಗ ಯಜಮಾನರ ಬಲಗೈ ಮೇಲೆ ನಿಂತಿತ್ತು. ಆ ಕೈ ಇನ್ನೂ ಪೂರ್ತಿ ಪಳಗಿರಲಿಲ್ಲ. ಅಜ್ಜಿಗೆ ಒಂದು ಫೋನು ಮಾಡಿ, ಭಾವ ಬರುತ್ತಿದ್ದಾರೆ, ಒಂದೆರಡು ಒಳ್ಳೆ ಮಾತು ಆಡಿ ಅಂತ ಹೇಳಿಬಿಡಲೇ ಅಂತ ಆಸೆಯೂ ಆಯಿತು. ಮಾಡಲಿಲ್ಲ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳ ಬಾಯಿ ಕೇಳಿ ಬೆಳೆದ ಮನುಷ್ಯ ನಮ್ಮ ಭಾವ. ಹೇಳಿಕೊಟ್ಟ ಹೊಗಳಿಕೆ ಅವರ ಕಿವಿಗೆ ಒಡೆದ ಗಂಟೆಯ ಹಾಗೆ ಕೇಳುತ್ತದೆ.

ವಾರಗಿತ್ತಿಯ ಜೊತೆ ಅವರೆಕಾಯಿ ಸುಲಿಯಲು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು, ಕಾಳು ಸಿಪ್ಪೆಗೆ ಹಾಕ್ತಾ ಇದ್ದೀಯ, ಸಿಪ್ಪೆ ಪಾತ್ರೆಗೆ ಹಾಕ್ತಾ ಇದ್ದೀಯ, ಇವತ್ತು ನಮ್ಮನೇಲಿ ದನಕ್ಕೇ ಹಬ್ಬ ಅಂದಳು.

ಅವರು ಬಂದಾಗ ಹೊತ್ತು ಇಳಿದಿತ್ತು. ಮೊದಲು ನನ್ನ ಕಣ್ಣು ಹೋದದ್ದು ಕ್ರೇಟಿನ ಕಡೆ. ಎರಡೂ ತುಂಬಿದ್ದವು. ಅಷ್ಟೂ ವಾಪಸು ಬಂತು ಅಂದುಕೊಂಡೆ. ಭಾವ ಇಳಿದು ಕ್ರೇಟನ್ನು ತಾವೇ ಎತ್ತಿ ಜಗಲಿಯ ಮೇಲಿಟ್ಟರು. ನೋಡಿದರೆ ತರಕಾರಿ ಒಂದೂ ಇರಲಿಲ್ಲ. ಎಳ್ಳುಬೆಲ್ಲದ ಪೊಟ್ಟಣಗಳು, ಸಕ್ಕರೆ ಅಚ್ಚು, ಬಾಳೆಹಣ್ಣು, ಕಬ್ಬಿನ ತುಂಡುಗಳು. ಮನೆಯವರಿಗೆ, ನೆಂಟರಿಗೆ, ಅಕ್ಕಪಕ್ಕದವರಿಗೆ ಬೀರುವ ಎಳ್ಳನ್ನು ತರಕಾರಿ ಗಾಡಿಗೂ ಬೀರಿದ್ದರು.

ಭಾವ ನೀರು ಕುಡಿದು ಕೂತರು. ಅವರ ಮಾತು ಯಾವಾಗಲೂ ಹಿಂದಿನಿಂದ ಶುರುವಾಗುತ್ತದೆ. "ಒಬ್ಬಮ್ಮ ಗೇಟಿನ ತಾವೇ ಬೈದ್ಲು ಕಣವ್ವ. ಒಲೆ ಮ್ಯಾಗೆ ಬೇಳೆ ಇಟ್ಟು ಕಾಯ್ತಾ ಕೂತಿವ್ನಿ, ಎಷ್ಟೊತ್ತು ಅಂತ. ಇಂವ ತಡ ಮಾಡಿದ್ದಕ್ಕೆ ನನ್ಗೂ ಸೇರಿಸಿ ಬಿತ್ತು. ಇನ್ನೊಬ್ಬಜ್ಜಿ ನೀವ್ಯಾರು ಅಂದ್ಲು. ಇವನ ಅಣ್ಣ ಅಂದೆ. ಅಂಗಾರೆ ನೀವೂ ಎಳ್ಳು ತಕಳಿ ಅಂದ್ಲು." ಸ್ವಲ್ಪ ತಡೆದು ತಮ್ಮನ ಕಡೆ ತಿರುಗಿ, "ಅದಿರ್ಲಿ, ಸೊಪ್ಪು ಹಾಕುವಾಗ್ಲೆಲ್ಲ ಮ್ಯಾಕ್ಕೆ ಯಾಕ್ಲಾ ನೋಡಿಯೆ? ಕಾಗೆ ಕಕ್ಕ ಮಾಡ್ತದೆ ಅಂತಲಾ?" ಅಂದರು.

ಯಜಮಾನರು ನನ್ನ ಕಡೆ ನೋಡಿ ನಕ್ಕರು. ಅವರ ಕೈ ಕೆಲಸ ಮಾಡಿತ್ತು ಅಂತ ನನಗೆ ಗೊತ್ತಾಯಿತು.

ಬೈಸಿಕೊಂಡ ಮೇಲೆ ಭಾವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಾಯುವ ಮನೆ ಇಲ್ಲದಿದ್ದರೆ ಬೈಯುವವರು ಯಾರು? ಆದರೆ ಕೊಟ್ಟ ಮಾತಿನಲ್ಲಿ ಅವರು ಒಂದು ಮಡಿಕೆ ಹಾಕಿದರು. ಶುಂಠಿಯವರಿಗೆ ಅರ್ಧ ಆಸೆ ತೋರಿಸಿಬಿಟ್ಟಿದ್ದೇನೆ, ತೋಟವೆಲ್ಲ ಇಲ್ಲ ಅಂದರೆ ನನ್ನ ನಾಲಿಗೆಗೆ ಬೆಲೆ ಇರುವುದಿಲ್ಲ, ಬಾವಿ ಕಡೆಯ ಅರ್ಧ ನೀವು ಇಟ್ಟುಕೊಳ್ಳಿ, ಆ ಕಡೆಯ ಅರ್ಧ ಅವರಿಗೆ ಅಂದರು. ಯಜಮಾನರು ಆಗಲಿ ಅನ್ನಲು ಬಾಯಿ ತೆರೆಯುತ್ತಿದ್ದರು. ನಾನು ಅಡುಗೆ ಮನೆಯ ಬಾಗಿಲಿನಿಂದಲೇ ಕೆಮ್ಮಿದೆ. ಮೊದಲು ಹೇಳಿದ ಬೆಲೆಗೆ ಒಪ್ಪುವುದು ಹೇಳಿದವರಿಗೂ ಅವಮಾನ.

ಪೂರ್ತಿ ತೋಟ ಅಂತ ಆಗಿತ್ತಲ್ಲ ಭಾವ ಅಂದೆ. ಆಗಕಿಲ್ಲ ಅಂದರು. ಮುಕ್ಕಾಲು ಅಂದೆ. ಬಾವಿ ನಿಮಗೇ ಬಿಟ್ಟಿಲ್ಲವಾ ಅಂದರು. ನೀರಿನ ಸರದಿ ಕೇಳಿದೆ, ವಾರದಲ್ಲಿ ಯಾವ ದಿನ ಬೇಕಾದರೂ ನಮ್ಮದೇ ಮೊದಲು ಅಂತ ಒಪ್ಪಿದರು. ಮುಕ್ಕಾಲಿಗೆ ಮಾತ್ರ ಜಗ್ಗಲಿಲ್ಲ. ಇಲ್ಲಿಗೆ ನಿಲ್ಲುತ್ತದೆ ಅಂತ ಅವರ ದನಿಯಲ್ಲೇ ಗೊತ್ತಾಯಿತು. ಈ ಬೆಲೆ ಇಬ್ಬರಿಗೂ ಮೊದಲಿನಿಂದಲೇ ಗೊತ್ತಿತ್ತೇನೋ.

"ಆಯ್ತು ಭಾವ, ಅರ್ಧ. ಕೊಸರು?" ಅಂದೆ.

"ಭೂಮಿಗೂ ಕೊಸರೇನವ್ವ?"

ನನಗೆ ಬೇಕಿದ್ದದ್ದು ಏನು ಅಂತ ಹೇಳಿದೆ. ಎರಡು ಭಾಗದ ನಡುವೆ ಬದುವಿನ ಉದ್ದಕ್ಕೂ ಒಂದು ಪಟ್ಟೆ. ಶುಂಠಿಗೆ ಔಷಧಿ ಹೊಡೆಯುವಾಗ ಗಾಳಿ ಈ ಕಡೆ ಬೀಸಿದರೆ, ಮಳೆಗೆ ನೀರು ಈ ಕಡೆ ಹರಿದರೆ, ಅದು ಆ ಪಟ್ಟೆಯಲ್ಲೇ ನಿಲ್ಲಬೇಕು. ಅದು ಇಲ್ಲದಿದ್ದರೆ ನಮ್ಮ ಅರ್ಧ ಇದ್ದೂ ಇಲ್ಲದ ಹಾಗೆ. ಟೌನಿನವರಿಗೆ ಯಾವ ಮುಖ ಇಟ್ಟುಕೊಂಡು ತರಕಾರಿ ಕೊಡುವುದು?

ಕಿಚ್ಚು ಹಾಯಿಸುವ ಹೊತ್ತಾಗಿತ್ತು. ಭಾವ ಎದ್ದು ಕೊಟ್ಟಿಗೆಯ ಕಡೆ ಹೋಗಿ ಎತ್ತಿನ ಕೊಂಬಿಗೆ ಬಣ್ಣ ಬಳಿಯಲು ನಿಂತರು. ನಾನು ಮಾತು ಮುಗಿಯಿತು ಅಂದುಕೊಂಡು ಒಳಗೆ ತಿರುಗುತ್ತಿದ್ದೆ. ಆಗ ಬೆನ್ನು ನಮ್ಮ ಕಡೆ ಮಾಡಿಕೊಂಡೇ, ಕೊಂಬಿನ ತುದಿ ನೋಡುತ್ತಾ ಅವರು ಹೇಳಿದರು.

"ಆ ಪಟ್ಟೆಯ ನೀವೇ ಮಡಿಕಳಿ."

ಅವರು ನೋಡದೆ ಹಾಕಿದರು. ಎಷ್ಟು ಅಗಲ ಅಂತ ನಾನು ಕೇಳಲಿಲ್ಲ.

ಶುಂಠಿಯವರು ಬಂದರು, ಬೆಳೆದರು, ಕಿತ್ತುಕೊಂಡು ಮುಂದಿನ ಊರಿಗೆ ಹೋದರು. ಹೋಗುವಾಗ ನಮಗೆ ಒಂದು ಬುಟ್ಟಿ ಶುಂಠಿ ಕೊಟ್ಟರು. ಆ ಕಡೆಯ ಮಣ್ಣು ಮೊದಲಿನ ಹಾಗಾಗಲು ಬಹಳ ಕಾಲ ಹಿಡಿಯಿತು. ಭಾವ ಅದನ್ನು ಬೇರೆ ಯಾರಿಗೂ ಕೊಡದೆ ನಮ್ಮ ಕೈಗೇ ಹಾಕಿದರು. ನಡುವಿನ ಪಟ್ಟೆಯಲ್ಲಿ ಮೊದಮೊದಲು ಬಂದದ್ದನ್ನು ನಾವು ಕೀಳುತ್ತಿರಲಿಲ್ಲ, ಅಲ್ಲಿಯದು ಅಲ್ಲೇ ಒಣಗಲಿ ಅಂತ ಬಿಟ್ಟೆವು. ಈಗ ಅಲ್ಲೂ ಅಣ್ಣೆ, ಗೋಣಿ, ಕೀರೆ ತಾನಾಗಿ ಬರುತ್ತವೆ, ಟೌನಿನ ಮನೆಗಳಿಗೆ ಹೋಗುತ್ತವೆ. ತೋಟದ ಮೂಲೆಮೂಲೆಯನ್ನೂ ಟೇಪು ಹಿಡಿದು ಅಳೆದು ಪಾತಿ ಕಟ್ಟುವ ನಮ್ಮ ಯಜಮಾನರು ಆ ಪಟ್ಟೆಯ ಮೇಲೆ ಮಾತ್ರ ಇವತ್ತಿನವರೆಗೂ ಟೇಪು ಇಟ್ಟಿಲ್ಲ.